ಅಂದಾಜಿಗೊಂದು ಸೂಟು

ಶೀನು ತಾಂತ್ರಿಕ ವರದಿಯೊಂದನ್ನು ಕನ್ನಡಕ್ಕೆ ತರುತ್ತಿದ್ದ. ಮೂರನೆಯ ಪುಟಕ್ಕೆ ಬಂದವನೇ ಪೆನ್ನು ಕೆಳಗಿಟ್ಟ.

"ಪಂಪಿಗೆ ಬೇಕಾದ ವಿದ್ಯುತ್ತಿಗೆ 'ಬಾಲ್‌ಪಾರ್ಕ್ ಫಿಗರ್' ಕೊಟ್ಟಿದ್ದಾರೆ. ಚೆಂಡಿನ ಉದ್ಯಾನದ ಆಕೃತಿ ಎನ್ನಲೇ?"

"ಪಂಪು ಉದ್ಯಾನಕ್ಕೆ ನೀರು ಬಿಡುವುದಾದರೆ ಅನ್ನು," ಎಂದ ನಾಣಿ.

ರಂಗಣ್ಣನಿಗೆ ರೇಗಿತು. "ಪದವನ್ನು ಹಾಗೆಯೇ ಉಳಿಸಿಕೊಳ್ಳಯ್ಯ. ಬೇಸ್‌ಬಾಲಿನಿಂದ ಬಂದದ್ದು. ಅಂಕಿ ಮೈದಾನದೊಳಗೆ ಬಿದ್ದರೆ ಸಾಕು ಎಂದು ಅರ್ಥ."

"ಎಷ್ಟು ದೊಡ್ಡ ಮೈದಾನ?" ಎಂದು ಕೇಳಿದ ನಾಣಿ.

"ಅದಕ್ಕೆಲ್ಲ ನಿಯಮ ಇರುತ್ತದೆ."

"ಬೇಸಿನಿಂದ ಬೇಸಿಗೆ 90 ಅಡಿ ಎನ್ನುವವರೆಗೆ ನಿಯಮ. ಆಚೆಯ ಬೇಲಿ ಒಂದೊಂದು ಮೈದಾನದಲ್ಲಿ ಒಂದೊಂದು ದೂರ. ಅಂದಾಜಿಗೆಂದು ತಂದ ಅಳತೆಗೋಲೇ ಅಂದಾಜು! ಅದೂ ನಾವು ಮೂವರೂ ಕಾಣದ ಆಟದ್ದು."

"ಅಂದಾಜು ಎಂದು ಬರೆದರೆ ಉಡಾಫೆ ಅನ್ನಿಸುತ್ತದೆ. ಬಾಲ್‌ಪಾರ್ಕ್ ಎಂದರೆ ಕೂತು ಲೆಕ್ಕ ಹಾಕಿದಂತೆ."

"ಅಂತೂ ಅಂದಾಜಿಗೆ ಸೂಟು ಹೊಲಿಸಿದೆ."

"ಅಂದಾಜು ಮಾತ್ರ ನಿನ್ನ ಸ್ವಂತದ್ದೋ? ಪಾರಸಿಯಿಂದ ಬಂದದ್ದು."

"ಬಂದದ್ದು ಹೌದು. ಬರುವಾಗ ಮೈದಾನ ಹೊತ್ತು ತರಲಿಲ್ಲ."

ರಂಗಣ್ಣ ಕನ್ನಡಕ ಒರೆಸತೊಡಗಿದ. ಸೋಲುವ ಮುಂಚಿನ ಅವನ ಸಿದ್ಧತೆ ಅದು.

"ಹತ್ತಿಪ್ಪತ್ತು, ನಾಲ್ಕೈದು. ಇವುಗಳಲ್ಲಿ ಅಂಕಿಯೂ ಇದೆ, ಎಷ್ಟು ತಪ್ಪಬಹುದೆಂಬುದೂ ಇದೆ," ಎಂದ ನಾಣಿ. "ನಾಲ್ಕೈದು ಎಂದವನು ಎಣಿಸಲು ಹೊರಟಿದ್ದ; ಹತ್ತಿಪ್ಪತ್ತು ಎಂದವನು ದೂರದಿಂದ ಕಣ್ಣು ಹಾಯಿಸಿದ. ಕೇಳಿದ ಕೂಡಲೇ ಗೊತ್ತಾಗುತ್ತದೆ."

"ವಿಜ್ಞಾನ ಹಾಗೆ ನಡೆಯುವುದಿಲ್ಲ. ಅಂದಾಜಿಗೆ ಭೌತವಿಜ್ಞಾನಿ ಫರ್ಮಿಯೇ ಗುರು. 1945ರಲ್ಲಿ ಮೊದಲ ಅಣುಬಾಂಬ್ ಪರೀಕ್ಷೆಯ ದಿನ ಕಾಗದದ ಚೂರುಗಳನ್ನು ಕೈಬಿಟ್ಟು, ಗಾಳಿಯ ಅಲೆ ಅವನ್ನು ಎಷ್ಟು ದೂರ ತಳ್ಳಿತೆಂದು ನೋಡಿ ಸ್ಫೋಟದ ಬಲ ಹೇಳಿದ."

"ಎಷ್ಟೆಂದ?"

"ಹತ್ತು ಸಾವಿರ ಟನ್ ಟಿಎನ್‌ಟಿ ಸಿಡಿಮದ್ದಿಗೆ ಸಮ."

"ನಿಜವಾಗಿ ಎಷ್ಟಿತ್ತು?"

ರಂಗಣ್ಣ ಕನ್ನಡಕವನ್ನು ಇನ್ನೊಮ್ಮೆ ಒರೆಸಿದ. "ಇಪ್ಪತ್ತು ಸಾವಿರ ದಾಟಿತ್ತು."

"ಹತ್ತಿಪ್ಪತ್ತು ಸಾವಿರ!" ಎಂದು ಶೀನು ಕೂಗಿಯೇಬಿಟ್ಟ.

ನಗು ನಿಂತ ಮೇಲೆ ಅವನು ಪುಟ ತಿರುಗಿಸಿದ. "ಇಲ್ಲಿ ಇನ್ನೊಂದಿದೆ. 'ಲಕೋಟೆಯ ಬೆನ್ನಿನ ಲೆಕ್ಕ'ವಂತೆ, ಕೈಗೆ ಸಿಕ್ಕ ಕಾಗದದ ಮೇಲೆ ಗೀಚಿದ ಅಂದಾಜು. ಇದನ್ನೂ ಹೊಡೆದುಹಾಕಲೇ?"

ನಾಣಿ ತಕ್ಷಣ ಉತ್ತರಿಸಲಿಲ್ಲ.

"ಅಪ್ಪ ಹೋದ ಮೇಲೆ ಪೆಟ್ಟಿಗೆ ತೆಗೆದಾಗ ನಾನು ಹಾಸ್ಟೆಲಿನಿಂದ ಬರೆದ ಪತ್ರಗಳ ಲಕೋಟೆಗಳಿದ್ದವು. ಮುಂದೆ ನನ್ನ ಅಕ್ಷರ. ಹಿಂದೆ ಅವರ ಪೆನ್ಸಿಲ್ಲು: ಇಟ್ಟಿಗೆ ಇಷ್ಟು, ಸಿಮೆಂಟ್ ಇಷ್ಟು ಚೀಲ, ಕೆಳಗೆ ನನ್ನ ಫೀಸು. ಪ್ರತಿ ಮೊತ್ತದ ಪಕ್ಕದಲ್ಲೂ 'ಸುಮಾರು' ಎಂದಿತ್ತು. ಫೀಸಿನ ಪಕ್ಕದಲ್ಲಿ ಮಾತ್ರ ಇರಲಿಲ್ಲ."

ರಂಗಣ್ಣ ಕನ್ನಡಕ ಹಾಕಿಕೊಂಡ.

"ಅದು ಇರಲಿ ಬಿಡು ಶೀನು," ಎಂದ ನಾಣಿ.