ಗ್ರೋತ್ ಹಾರ್ಮೋನ್ ಕಮ್ಮಿ ಇದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬುತ್ತಾ? ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞ ಡಾಕ್ಟರ್) ಜೊತೆ ಆನ್‌ಲೈನ್ ಗುಂಪಿನ ಸದಸ್ಯರ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರ್, ನಮಸ್ಕಾರ. ನನಗೆ 41 ವರ್ಷ. ಎತ್ತರ 170 ಸೆಂ.ಮೀ., ತೂಕ 92 ಕೆಜಿ. ಕುಡಿಯುವ ಅಭ್ಯಾಸ ಇಲ್ಲ. ಹೆಲ್ತ್ ಚೆಕಪ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 2 ಅಂತ ಬಂತು. ಲಿವರ್ ಎನ್‌ಜೈಮ್‌ಗಳಾದ ಎಸ್‌ಜಿಪಿಟಿ 68, ಎಸ್‌ಜಿಒಟಿ 45, ಪ್ಲೇಟ್‌ಲೆಟ್ 2.4 ಲಕ್ಷ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1. ಅದೇ ಪ್ಯಾಕೇಜ್‌ನಲ್ಲಿ ಗ್ರೋತ್ ಹಾರ್ಮೋನ್ ಟೆಸ್ಟೂ ಇತ್ತು. ಅದು 0.05 ಬಂದಿದೆ. ಜಿಮ್‌ನ ಗೆಳೆಯನೊಬ್ಬ "ಹಾರ್ಮೋನ್ ಬಿದ್ದು ಹೋಗಿದೆ, ಅದಕ್ಕೇ ಹೊಟ್ಟೆ, ಅದಕ್ಕೇ ಲಿವರ್. ಇಂಜೆಕ್ಷನ್ ತಗೋ, ಎರಡೂ ಕರಗುತ್ತೆ" ಅಂತಿದ್ದಾನೆ. ಇದು ನಿಜವಾ?

ಡಾಕ್ಟರ್: ಮೊದಲು ಆ 0.05 ಅನ್ನು ಪಕ್ಕಕ್ಕಿಡಿ. ಗ್ರೋತ್ ಹಾರ್ಮೋನ್ ರಕ್ತದಲ್ಲಿ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಆಗಾಗ ಒಮ್ಮೆಲೇ ಬಿಡುತ್ತದೆ. ದೊಡ್ಡ ಪ್ರಮಾಣದಲ್ಲಿ ಬಿಡುವುದು ರಾತ್ರಿ, ಗಾಢ ನಿದ್ದೆಯ ಮೊದಲ ಸುತ್ತಿನಲ್ಲಿ. ರಕ್ತದಲ್ಲಿ ಇಪ್ಪತ್ತು ನಿಮಿಷಕ್ಕೆ ಅರ್ಧ ಖಾಲಿ. ಹಾಗಾಗಿ ಬೆಳಿಗ್ಗೆ ಒಂದು ಸಲ ರಕ್ತ ತೆಗೆದರೆ ಪೂರ್ತಿ ಆರೋಗ್ಯವಂತರಲ್ಲೂ ಹೆಚ್ಚು ಕಮ್ಮಿ ಸೊನ್ನೆ ಕಾಣಿಸಬಹುದು. ಈ ಟೆಸ್ಟನ್ನು ಚೆಕಪ್ ಪ್ಯಾಕೇಜ್‌ಗೆ ಸೇರಿಸಿದವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಜನರನ್ನು ಹೆದರಿಸುವುದು ಬಿಟ್ಟರೆ ಅದರಿಂದ ಉಪಯೋಗ ಇಲ್ಲ.

ಆದರೆ ನಿಮ್ಮ ಗೆಳೆಯ ಪೂರ್ತಿ ಸುಳ್ಳೂ ಹೇಳುತ್ತಿಲ್ಲ. ಈ ಹಾರ್ಮೋನಿಗೂ ಲಿವರ್‌ಗೂ ಗಟ್ಟಿ ನಂಟಿದೆ. ಹಾರ್ಮೋನ್ ಲಿವರ್‌ಗೆ ಬಂದು ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನನ್ನು ಮಾಡಿಸುತ್ತದೆ. ರಕ್ತದಲ್ಲಿ ಓಡಾಡುವ ಐಜಿಎಫ್-1ರಲ್ಲಿ ಸುಮಾರು ಮುಕ್ಕಾಲು ಪಾಲು ಲಿವರ್‌ನದ್ದೇ. ಅದು ಸಾಕಷ್ಟು ಆಯಿತು ಅಂದಾಗ ಪಿಟ್ಯುಟರಿಗೆ "ಸಾಕು" ಎಂಬ ಸುದ್ದಿ ಹೋಗುತ್ತದೆ. ಇದರ ಜೊತೆಗೆ ಗ್ರೋತ್ ಹಾರ್ಮೋನ್ ಲಿವರ್ ಒಳಗೆ ಹೊಸ ಕೊಬ್ಬು ತಯಾರಾಗುವುದಕ್ಕೆ ಕಡಿವಾಣ ಹಾಕುತ್ತದೆ. ಇಲಿಗಳಲ್ಲಿ ಲಿವರ್‌ನ ಜೀವಕೋಶಗಳಿಂದ ಮಾತ್ರ ಈ ಹಾರ್ಮೋನಿನ ರಿಸೆಪ್ಟರ್ (ಹಾರ್ಮೋನ್ ಬಂದು ಅಂಟುವ ಜಾಗ) ತೆಗೆದು ನೋಡಿದ್ದಾರೆ. ಲಿವರ್ ತುಂಬ ಕೊಬ್ಬು. ಪಿಟ್ಯುಟರಿ ಕೆಟ್ಟು ನಿಜವಾಗಿ ಹಾರ್ಮೋನ್ ಕೊರತೆ ಇರುವ ದೊಡ್ಡವರಲ್ಲೂ ಹೊಟ್ಟೆಯ ಒಳಕೊಬ್ಬು, ಫ್ಯಾಟಿ ಲಿವರ್ ಜಾಸ್ತಿ.

ನಿಮ್ಮ ವಿಷಯದಲ್ಲಿ ಕತೆ ಬಹುಪಾಲು ಉಲ್ಟಾ ದಿಕ್ಕಿನದು. ಹೊಟ್ಟೆಯ ಕೊಬ್ಬು ಹೆಚ್ಚಾದರೆ ಇನ್ಸುಲಿನ್ ಹೆಚ್ಚುತ್ತದೆ, ರಕ್ತದಲ್ಲಿ ಕೊಬ್ಬಿನಾಮ್ಲಗಳೂ ಹೆಚ್ಚುತ್ತವೆ. ಇವೆರಡೂ ಸೇರಿ ಪಿಟ್ಯುಟರಿಯ ಕೈ ಕಟ್ಟಿಹಾಕುತ್ತವೆ. ಹಾರ್ಮೋನ್ ಇಳಿದಾಗ ಹೊಟ್ಟೆಯ ಕೊಬ್ಬು ಕರಗುವುದು ಇನ್ನೂ ನಿಧಾನ, ಲಿವರ್‌ನ ಕಡಿವಾಣವೂ ಸಡಿಲ. ಹೀಗೆ ಒಂದು ಸುತ್ತು ಶುರುವಾಗುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ತೂಕ ಇಳಿಸಿದವರಲ್ಲಿ ಹಾರ್ಮೋನ್ ತಾನಾಗಿ ಮೇಲೆ ಬರುತ್ತದೆ. ಅಂದರೆ ಗ್ರಂಥಿ ಕೆಟ್ಟಿಲ್ಲ, ಸುಮ್ಮನಾಗಿತ್ತು ಅಷ್ಟೇ.

ನಿಮ್ಮ ರಿಪೋರ್ಟ್‌ನಲ್ಲಿ ನಾನು ನೋಡುವುದು ಬೇರೆಯೇ. ಫಿಬ್-4 ಅಂತ ಒಂದು ಲೆಕ್ಕ ಇದೆ. ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಸೇರಿಸಿ ಲಿವರ್ ಗಟ್ಟಿಯಾಗುತ್ತಿದೆಯಾ ಅಂತ ಅಂದಾಜು ಮಾಡುವುದು. ನಿಮ್ಮದು ಸುಮಾರು 0.93 ಬರುತ್ತದೆ. 1.3ಕ್ಕಿಂತ ಕಮ್ಮಿ ಇದ್ದರೆ ದೊಡ್ಡ ಮಟ್ಟದ ಗಾಯದ ಸಾಧ್ಯತೆ ಕಮ್ಮಿ. ಆದರೆ ಎಚ್‌ಬಿಎ1ಸಿ 6.1 ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, ಅದನ್ನು ಹಗುರವಾಗಿ ತಗೋಬೇಡಿ. ನಿಮ್ಮ ತೂಕದಲ್ಲಿ ಶೇ 5 ಇಳಿದರೂ ಲಿವರ್‌ನ ಕೊಬ್ಬು ಇಳಿಯಲು ಶುರುವಾಗುತ್ತದೆ. ಶೇ 7ರಿಂದ 10, ಅಂದರೆ ಆರೂವರೆಯಿಂದ ಒಂಬತ್ತು ಕೆಜಿ ಇಳಿದರೆ ಒಳಗಿನ ಉರಿಯೂತವೂ ತಗ್ಗುವ ಸಾಧ್ಯತೆ ಚೆನ್ನಾಗಿದೆ. ಸದ್ಯಕ್ಕೆ ಇಂಜೆಕ್ಷನ್ ಬೇಡ.

ಅದೇ ಸದಸ್ಯರು: ಹಾಗಾದರೆ ನಿಜವಾದ ಕೊರತೆ ಇದೆಯಾ ಇಲ್ಲವಾ ಅಂತ ತಿಳಿಯುವುದು ಹೇಗೆ?

ಡಾಕ್ಟರ್: ಮೊದಲು ಹಿನ್ನೆಲೆ ಕೇಳುತ್ತೇವೆ. ಪಿಟ್ಯುಟರಿಯಲ್ಲಿ ಗಡ್ಡೆ, ಅಲ್ಲಿ ಆಪರೇಷನ್, ತಲೆಗೆ ರೇಡಿಯೇಷನ್, ಜೋರಾದ ತಲೆ ಪೆಟ್ಟು, ಹೆರಿಗೆಯಲ್ಲಿ ತುಂಬಾ ರಕ್ತಸ್ರಾವ, ಇಂಥದ್ದೇನಾದರೂ ಇದ್ದರೆ ಅನುಮಾನ ಪಡುತ್ತೇವೆ. ಆಗ ಐಜಿಎಫ್-1 ನೋಡುತ್ತೇವೆ, ಅದು ದಿನವಿಡೀ ಅಷ್ಟು ಏರಿಳಿಯುವುದಿಲ್ಲ. ಬೇಕಿದ್ದರೆ ಇನ್ಸುಲಿನ್ ಅಥವಾ ಗ್ಲುಕಗಾನ್ ಕೊಟ್ಟು ಹಾರ್ಮೋನ್ ಏರುತ್ತದಾ ಅಂತ ಪರೀಕ್ಷೆ. ಒಂದು ಎಚ್ಚರಿಕೆ: ದಪ್ಪ ಇರುವವರಲ್ಲಿ ಈ ಪರೀಕ್ಷೆಯಲ್ಲೂ ಹಾರ್ಮೋನ್ ಸರಿಯಾಗಿ ಏರದೇ ಇರಬಹುದು. ಹಿನ್ನೆಲೆ ಇಲ್ಲದೆ ಬರೀ ರಿಪೋರ್ಟ್ ಹಿಡಿದು "ಕೊರತೆ" ಅಂತ ಹಣೆಪಟ್ಟಿ ಕಟ್ಟಬಾರದು.

ಇನ್ನೊಬ್ಬ ಸದಸ್ಯೆ: ಡಾಕ್ಟರ್, ನನ್ನ ಅಕ್ಕನಿಗೆ ಅಕ್ರೋಮೆಗಾಲಿ. ಅಂದರೆ ಪಿಟ್ಯುಟರಿ ಗಡ್ಡೆಯಿಂದ ಗ್ರೋತ್ ಹಾರ್ಮೋನ್ ವಿಪರೀತ. ಅವಳಿಗೆ ಶುಗರ್ ಬಂದಿದೆ, ಆದರೆ ಲಿವರ್ ಸ್ಕ್ಯಾನ್ ನಾರ್ಮಲ್. ಶುಗರ್ ಇರುವವರಿಗೆ ಫ್ಯಾಟಿ ಲಿವರ್ ಜೊತೆಗೇ ಬರುತ್ತದೆ ಅಂತ ಕೇಳಿದ್ದೆ. ಇದು ಹೇಗೆ?

ಡಾಕ್ಟರ್: ತುಂಬಾ ಚೆನ್ನಾಗಿ ಗಮನಿಸಿದ್ದೀರಿ. ಈ ಹಾರ್ಮೋನಿನ ಎರಡು ಮುಖ ನಿಮ್ಮ ಅಕ್ಕನ ರಿಪೋರ್ಟ್‌ನಲ್ಲೇ ಇವೆ.

ಗ್ರೋತ್ ಹಾರ್ಮೋನ್ ಉಪವಾಸದ ಹಾರ್ಮೋನೂ ಹೌದು. ಊಟ ಇಲ್ಲದಾಗ ಅದು ಏರುತ್ತದೆ. ಕೂಡಿಟ್ಟ ಕೊಬ್ಬನ್ನು ಕರಗಿಸಿ ದೇಹಕ್ಕೆ ಉರುವಲು ಕೊಡುತ್ತದೆ. ಅದೇ ಹೊತ್ತಿಗೆ ಸ್ನಾಯುಗಳು ಸಕ್ಕರೆ ಹೀರದಂತೆ ತಡೆಯುತ್ತದೆ, ಲಿವರ್‌ನಿಂದ ಸಕ್ಕರೆ ಹೊರಗೆ ಬಿಡಿಸುತ್ತದೆ. ಹಸಿದ ದೇಹದಲ್ಲಿ ಮೆದುಳಿಗೆ ಸಕ್ಕರೆ ಉಳಿಸಲು ಇದು ಒಳ್ಳೆಯ ಏರ್ಪಾಡು. ಇಡೀ ದಿನ, ವರ್ಷಗಟ್ಟಲೆ ಹೀಗೇ ನಡೆದರೆ ಇನ್ಸುಲಿನ್ ಮಾತು ಯಾರೂ ಕೇಳುವುದಿಲ್ಲ. ಶುಗರ್ ಬರುತ್ತದೆ. ಪಿಟ್ಯುಟರಿಗೂ ಸಕ್ಕರೆಗೂ ಸಂಬಂಧ ಇದೆ ಅಂತ ನಾಯಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದವರು ಅರ್ಜೆಂಟೀನಾದ ಬರ್ನಾರ್ಡೊ ಹುಸೇ. ಅದಕ್ಕೆ 1947ರಲ್ಲಿ ನೊಬೆಲ್ ಬಂತು.

ಇನ್ನು ಲಿವರ್. ಮಾಮೂಲಿ ಟೈಪ್ 2 ಶುಗರ್‌ನಲ್ಲಿ ಇನ್ಸುಲಿನ್ ಪ್ರತಿರೋಧವೂ ಲಿವರ್ ಕೊಬ್ಬೂ ಜೋಡಿಯಾಗಿ ಬರುತ್ತವೆ. ಅಕ್ರೋಮೆಗಾಲಿಯಲ್ಲಿ ಪ್ರತಿರೋಧ ಇದೆ, ಆದರೆ ಹಾರ್ಮೋನ್ ಹೊಟ್ಟೆಯ ಒಳಗೂ ಲಿವರ್‌ನಲ್ಲೂ ಕೊಬ್ಬು ನಿಲ್ಲಲು ಬಿಡುವುದಿಲ್ಲ. ಹಾಗಾಗಿ ಲಿವರ್‌ನಲ್ಲಿ ಕೊಬ್ಬು ಕಮ್ಮಿ. ಚಿಕಿತ್ಸೆ ಆಗಿ ಹಾರ್ಮೋನ್ ಹದಕ್ಕೆ ಬಂದ ಮೇಲೆ ಶುಗರ್ ಸುಧಾರಿಸಿ, ಲಿವರ್‌ನಲ್ಲಿ ಕೊಬ್ಬು ಸ್ವಲ್ಪ ಏರಬಹುದು. ಅದನ್ನು ನೋಡಿ ಗಾಬರಿ ಆಗಬೇಡಿ, ಚಿಕಿತ್ಸೆ ನಿಲ್ಲಿಸಲೂ ಬೇಡಿ. ಅಕ್ರೋಮೆಗಾಲಿಯನ್ನು ಹಾಗೇ ಬಿಟ್ಟರೆ ಹೃದಯಕ್ಕೆ ಆಗುವ ಪೆಟ್ಟು ಇದಕ್ಕಿಂತ ಎಷ್ಟೋ ದೊಡ್ಡದು. ಅಕ್ಕನಿಗೆ ಪೆಗ್‌ವಿಸೊಮಂಟ್ (ಗ್ರೋತ್ ಹಾರ್ಮೋನಿನ ಕೆಲಸ ತಡೆಯುವ ಔಷಧ) ಕೊಡುತ್ತಿದ್ದರೆ ಲಿವರ್ ಟೆಸ್ಟ್‌ಗಳನ್ನು ಮಾತ್ರ ತಪ್ಪದೆ ಮಾಡಿಸಿ.

ಮತ್ತೊಬ್ಬ ಸದಸ್ಯರು: ಕ್ಷಮಿಸಿ ಡಾಕ್ಟರ್, ನಿಮ್ಮ ಮಾತೇ ಹಿಡಿದು ಕೇಳುತ್ತೇನೆ. ಹಾರ್ಮೋನ್ ಜಾಸ್ತಿ ಇದ್ದರೆ ಲಿವರ್ ಕ್ಲೀನ್ ಅಂತ ನೀವೇ ಹೇಳಿದಿರಿ. ಹಾಗಿದ್ದ ಮೇಲೆ ಇಂಜೆಕ್ಷನ್ ಬೇಡ ಅನ್ನುವುದು ಯಾಕೆ? ಆನ್‌ಲೈನ್‌ನಲ್ಲಿ ಈ ಹಾರ್ಮೋನ್ ಏರಿಸುತ್ತವೆ ಅನ್ನುವ ಪೆಪ್ಟೈಡ್‌ಗಳೂ ಸಿಗುತ್ತವೆ ಅಲ್ವಾ?

ಡಾಕ್ಟರ್: ಕೇಳಬೇಕಾದ ಪ್ರಶ್ನೆಯೇ. ಆ ದಾರಿಯಲ್ಲಿ ಸಂಶೋಧನೆ ನಡೆದಿದೆ. ಟೆಸಮೊರೆಲಿನ್ ಅಂತ ಒಂದು ಔಷಧ ಇದೆ. ಅದು ಗ್ರೋತ್ ಹಾರ್ಮೋನ್ ಅಲ್ಲ, ಅದನ್ನು ಬಿಡುವಂತೆ ಪಿಟ್ಯುಟರಿಯನ್ನು ಎಬ್ಬಿಸುವ ಔಷಧ. ಎಚ್‌ಐವಿ ಇರುವವರಲ್ಲಿ ಹೊಟ್ಟೆಯಲ್ಲಿ ಗುಡ್ಡೆ ಬೀಳುವ ಕೊಬ್ಬಿಗೆ ಅಂತ 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಬಂದ ಒಂದು ಪ್ರಯೋಗದಲ್ಲಿ, ಎಚ್‌ಐವಿ ಜೊತೆ ಫ್ಯಾಟಿ ಲಿವರ್ ಇದ್ದ 61 ಜನರಿಗೆ ಒಂದು ವರ್ಷ ಇದನ್ನು ಅಥವಾ ಔಷಧ ಇಲ್ಲದ ಖಾಲಿ ಇಂಜೆಕ್ಷನ್ ಕೊಟ್ಟರು. ಔಷಧ ತಗೊಂಡವರ ಲಿವರ್ ಕೊಬ್ಬು, ಖಾಲಿ ಇಂಜೆಕ್ಷನ್ ತಗೊಂಡವರಿಗೆ ಹೋಲಿಸಿದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯಿತು. ಅಂದರೆ ತತ್ವ ಸರಿ.

ಆದರೆ ಅದು 61 ಜನ, ಒಂದು ನಿರ್ದಿಷ್ಟ ಕಾಯಿಲೆ ಇದ್ದವರು, ನಿಗಾದಲ್ಲಿದ್ದವರು. ನಿಲ್ಲಿಸಿದರೆ ಹೊಟ್ಟೆಯ ಕೊಬ್ಬು ವಾಪಸ್ ಬರುತ್ತದೆ. ನೇರವಾಗಿ ಗ್ರೋತ್ ಹಾರ್ಮೋನ್ ಚುಚ್ಚಿಕೊಂಡರೆ ಕೈ ಕಾಲು ಊತ, ಕೀಲು ನೋವು, ಮಣಿಕಟ್ಟಿನ ನರ ಒತ್ತಿ ಬೆರಳು ಜುಮ್ಮೆನ್ನುವುದು. ಜೊತೆಗೆ ಸಕ್ಕರೆ ಏರುತ್ತದೆ. ಮೂಲ ಪೋಸ್ಟ್ ಹಾಕಿದವರ ಎಚ್‌ಬಿಎ1ಸಿ ಆಗಲೇ 6.1 ಇದೆ. ಅವರನ್ನು ಹೊಸ್ತಿಲಿನಿಂದ ಒಳಗೆ ತಳ್ಳಲು ಅಷ್ಟು ಸಾಕು. ಆನ್‌ಲೈನ್ ಪೆಪ್ಟೈಡ್ ಬಾಟಲಿಯ ಒಳಗೆ ಏನಿದೆ, ಎಷ್ಟಿದೆ ಅನ್ನುವುದಕ್ಕೆ ಯಾರ ಖಾತ್ರಿಯೂ ಇಲ್ಲ. "ಸಂಶೋಧನೆಗೆ ಮಾತ್ರ" ಅಂತ ಅದರ ಮೇಲೇ ಬರೆದಿರುತ್ತಾರೆ, ಓದಿ ನೋಡಿ. ಆಟದ ಸ್ಪರ್ಧೆಗಳಲ್ಲಿ ಇರುವವರಿಗಂತೂ ಇವೆಲ್ಲ ನಿಷೇಧ.

ಮತ್ತೆ ಈಗ ಫ್ಯಾಟಿ ಲಿವರ್‌ಗೆ ಬೇರೆ ಔಷಧಗಳು ಬಂದಿವೆ. ಉರಿಯೂತದ ಜೊತೆ ಲಿವರ್‌ನಲ್ಲಿ ಮಧ್ಯಮ ಅಥವಾ ಅದಕ್ಕಿಂತ ಜಾಸ್ತಿ ಗಾಯ ಆಗಿದ್ದು, ಸಿರೋಸಿಸ್ (ಗಾಯದಿಂದ ಲಿವರ್ ಪೂರ್ತಿ ಗಟ್ಟಿಯಾಗುವುದು) ಹಂತ ಮುಟ್ಟಿರದಿದ್ದರೆ ರೆಸ್ಮೆಟಿರೋಮ್‌ಗೆ 2024ರಲ್ಲಿ, ಸೆಮಾಗ್ಲುಟೈಡ್‌ಗೆ 2025ರಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿದೆ. ಔಷಧ ಬೇಕೇ ಬೇಕು ಅನ್ನುವ ಹಂತ ಬಂದರೆ ಅವುಗಳ ಬಗ್ಗೆ ಲಿವರ್ ಡಾಕ್ಟರ್ ಹತ್ತಿರ ಮಾತಾಡಿ.

ಒಬ್ಬ ಸದಸ್ಯೆ: ನಮ್ಮ ತಂದೆಗೆ ಸಿರೋಸಿಸ್. ಅವರ ಗ್ರೋತ್ ಹಾರ್ಮೋನ್ ಜಾಸ್ತಿ, ಐಜಿಎಫ್-1 ತೀರಾ ಕಮ್ಮಿ ಬಂದಿದೆ. ಅವರಿಗೂ ಅಕ್ರೋಮೆಗಾಲಿ ಇರಬಹುದಾ?

ಡಾಕ್ಟರ್: ಇಲ್ಲ. ಅಕ್ರೋಮೆಗಾಲಿಯಲ್ಲಿ ಎರಡೂ ಜಾಸ್ತಿ ಇರುತ್ತವೆ. ನಿಮ್ಮ ತಂದೆಯವರಲ್ಲಿ ಪಿಟ್ಯುಟರಿ ಕೂಗುತ್ತಲೇ ಇದೆ, ಕೆಟ್ಟ ಲಿವರ್‌ಗೆ ಕೇಳಿಸುತ್ತಿಲ್ಲ. ಐಜಿಎಫ್-1 ಆಗುತ್ತಿಲ್ಲ, "ಸಾಕು" ಎಂಬ ಸುದ್ದಿ ಹೋಗುತ್ತಿಲ್ಲ, ಅದಕ್ಕೇ ಹಾರ್ಮೋನ್ ಏರಿದೆ. ತೀರಾ ಊಟ ಸೇರದವರಲ್ಲೂ ಹೀಗೇ ಆಗುತ್ತದೆ. ಸಿರೋಸಿಸ್‌ನಲ್ಲಿ ಸ್ನಾಯುಗಳು ಸೊರಗಲು ಇದೂ ಒಂದು ಕಾರಣ. ಅವರಿಗೆ ಪ್ರೋಟೀನ್ ಕಮ್ಮಿ ಮಾಡಬೇಡಿ. ರಾತ್ರಿ ಮಲಗುವ ಮುಂಚೆ ಸ್ವಲ್ಪ ತಿನ್ನಲು ಕೊಡುವುದು ಒಳ್ಳೆಯದು. ಎಷ್ಟು ಅನ್ನುವುದನ್ನು ಅವರ ಡಾಕ್ಟರ್ ಹೇಳುತ್ತಾರೆ.

ಒಬ್ಬ ಸದಸ್ಯರು: ಮಗನಿಗೆ 9 ವರ್ಷ. ಹಾರ್ಮೋನ್ ಕೊರತೆ ಖಚಿತವಾಗಿ ದಿನಾ ಇಂಜೆಕ್ಷನ್ ಕೊಡುತ್ತಿದ್ದೇವೆ. ಇದನ್ನೆಲ್ಲ ಓದಿ ಭಯ ಆಯಿತು. ಲಿವರ್‌ಗೆ ತೊಂದರೆ ಆಗುತ್ತಾ?

ಡಾಕ್ಟರ್: ದಯವಿಟ್ಟು ನಿಲ್ಲಿಸಬೇಡಿ. ಅವನಿಗೆ ಕೊಡುತ್ತಿರುವುದು ಇಲ್ಲದ್ದನ್ನು ತುಂಬಲು. ಇದರಿಂದ ಲಿವರ್ ಕೆಡುವುದಿಲ್ಲ. ಐಜಿಎಫ್-1, ಥೈರಾಯ್ಡ್, ಸಕ್ಕರೆ, ಬೆನ್ನುಮೂಳೆ ನೋಡಿಸುತ್ತಿರಿ. ಕುಂಟಿದರೆ, ಸೊಂಟ ಅಥವಾ ಮಂಡಿ ನೋವು ಅಂದರೆ, ತಲೆನೋವಿನ ಜೊತೆ ವಾಂತಿ ಆದರೆ ತಡ ಮಾಡದೆ ತೋರಿಸಿ.

ಕೊನೆಯದಾಗಿ ಒಬ್ಬರು: ರಾತ್ರಿ ಬೇಗ ಮಲಗಿದರೆ ಹಾರ್ಮೋನ್ ಜಾಸ್ತಿ ಆಗುತ್ತದಾ? ನನ್ನದು ನೈಟ್ ಶಿಫ್ಟ್, ಫ್ಯಾಟಿ ಲಿವರ್ ಇದೆ, ಮನೆಯವರು ಗೊರಕೆ ತುಂಬಾ ಅಂತಾರೆ.

ಡಾಕ್ಟರ್: ಹಾರ್ಮೋನ್ ಗಡಿಯಾರಕ್ಕಿಂತ ಜಾಸ್ತಿ ಗಾಢ ನಿದ್ದೆಯನ್ನು ಹಿಂಬಾಲಿಸುತ್ತದೆ. ಹಗಲು ಮಲಗಿದರೂ ಕತ್ತಲೆ ಕೋಣೆಯಲ್ಲಿ, ಒಂದೇ ಹೊತ್ತಿಗೆ, ಎಬ್ಬಿಸದಂತೆ ಮಲಗಲು ನೋಡಿ. ಆದರೆ ನನಗೆ ನಿಮ್ಮ ಶಿಫ್ಟ್‌ಗಿಂತ ಗೊರಕೆಯ ಚಿಂತೆ. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದ್ದರೆ ಗಾಢ ನಿದ್ದೆ ಒಡೆಯುತ್ತದೆ, ಆಮ್ಲಜನಕ ಇಳಿಯುತ್ತದೆ, ಲಿವರ್‌ಗೆ ಅದೂ ಪೆಟ್ಟು. ನಡುವೆ ಉಸಿರು ನಿಲ್ಲುತ್ತದಾ ಅಂತ ಮನೆಯವರನ್ನು ಕೇಳಿ. ಹೌದು ಅಂದರೆ ಸ್ಲೀಪ್ ಸ್ಟಡಿ ಮಾಡಿಸಿ, ರಿಪೋರ್ಟ್ ಇಲ್ಲೇ ಹಾಕಿ, ನೋಡೋಣ.