ಎಂ151 ಸೇನಾ ಜೀಪನ್ನು ಹೋಳು ಮಾಡಿ ಗುಜರಿಗೆ ಹಾಕಿದ್ದೇಕೆ?

ಪ್ರಶ್ನೆ: ಓಹಾಯೊ ಕನ್ನಡಿಗ

ಮಾನ್ಯರೇ, ಕಳೆದ ತಿಂಗಳು ಇಲ್ಲಿನ ಹಳೆಯ ಸೇನಾ ವಾಹನಗಳ ಮೇಳದಲ್ಲಿ ವಿಯೆಟ್ನಾಂ ಯುದ್ಧಕಾಲದ ಅಮೆರಿಕ ಸೇನೆಯ ಎಂ151 ಜೀಪೊಂದನ್ನು ಹತ್ತಿರದಿಂದ ನೋಡಿದೆ. ಮಾಲೀಕರು ಕಾಲಡಿಯ ಚಾಪೆ ಎತ್ತಿದಾಗ ನೆಲದ ತಗಡಿನ ಮೇಲೆ ಈ ಬದಿಯಿಂದ ಆ ಬದಿಯವರೆಗೆ ಬೆರಳಗಲದ ವೆಲ್ಡಿಂಗ್ ಗೆರೆ ಕಾಣಿಸಿತು. ಸೇನೆಯೇ ಗಾಡಿಯನ್ನು ಎರಡು ಹೋಳು ಮಾಡಿ ಗುಜರಿಗೆ ಹಾಕಿತ್ತೆಂದೂ ಯಾರೋ ಆ ಹೋಳುಗಳನ್ನು ಕೊಂಡು ಮತ್ತೆ ಬೆಸೆದರೆಂದೂ ಅವರು ಹೇಳಿದರು. ಎರಡನೇ ಮಹಾಯುದ್ಧದ ಜೀಪುಗಳನ್ನು ಇದೇ ಸರ್ಕಾರ ಜನರಿಗೆ ಮಾರಿತ್ತು; 1944ರ ಹೆಚ್ಚುವರಿ ಸ್ವತ್ತಿನ ಕಾಯ್ದೆ ಮಾಜಿ ಸೈನಿಕರಿಗೆ ಆದ್ಯತೆಯನ್ನೂ ಕೊಟ್ಟಿತ್ತು. ಹಾಗಿರುವಾಗ ಕವಚವೂ ಇಲ್ಲದ, ಗುಟ್ಟೆನ್ನುವಂಥದ್ದೇನೂ ಇಲ್ಲದ ಈ ಗಾಡಿಯನ್ನು ಕತ್ತರಿಸಿದ್ದೇಕೆ? ಮಾಲೀಕರು ಅದನ್ನು ಮಾರಲು ಸಿದ್ಧರಿರುವುದರಿಂದ ಕೇಳುತ್ತಿದ್ದೇನೆ.

ಉತ್ತರ 1: ಮೈಸೂರು ಮೆಕ್ಯಾನಿಕ್

ಸರ್, ಕಾರಣ ಇರುವುದು ಆ ಗಾಡಿಯ ಹಿಂದಿನ ಚಕ್ರಗಳಲ್ಲಿ. ಎರಡನೇ ಮಹಾಯುದ್ಧದ ಹಳೆಯ ವಿಲ್ಲಿಸ್ ಜೀಪಿನ ಎರಡು ಹಿಂಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತಿತ್ತು. ಫೋರ್ಡ್ ಕಂಪನಿ ರೂಪಿಸಿದ ಎಂ151ರಲ್ಲಿ ಪ್ರತಿ ಚಕ್ರವೂ ತನ್ನದೇ ಕಾಯಿಲ್ ಸ್ಪ್ರಿಂಗಿನ ಮೇಲೆ ಬೇರೆಯಾಗಿ ಏರಿಳಿಯುತ್ತದೆ. ಹೊಲ, ಹಳ್ಳ, ಕಲ್ಲುದಾರಿಗಳಲ್ಲಿ ಇದರಿಂದ ಸವಾರಿ ಬಹಳ ಹಿತವಾಗಿರುತ್ತದೆ. ಆದರೆ ವೇಗವಾಗಿ ಹೋಗುತ್ತಾ ಥಟ್ಟನೆ ಸ್ಟಿಯರಿಂಗ್ ತಿರುಗಿಸಿದರೆ, ಅದರಲ್ಲೂ ಹಿಂದೆ ಸರಕಿಲ್ಲದಿದ್ದರೆ, ತಿರುವಿನ ಹೊರಬದಿಯ ಹಿಂಚಕ್ರ ಗಾಡಿಯ ಅಡಿಗೆ ಮಡಚಿಕೊಳ್ಳುತ್ತದೆ, ಹಿಂಭಾಗ ಮೇಲೇಳುತ್ತದೆ, ಚಾಲಕ ತಪ್ಪನ್ನು ತಿದ್ದಿಕೊಳ್ಳುವಷ್ಟರಲ್ಲಿ ಗಾಡಿ ಮಗುಚಿರುತ್ತದೆ. 1970ರಲ್ಲಿ ಬಂದ ಎಂ151ಎ2 ಮಾದರಿಯಲ್ಲಿ ಹಿಂದಿನ ಸಸ್ಪೆನ್ಷನ್ ಬದಲಾಯಿಸಿದರು. 1980ರ ದಶಕದ ಕೊನೆಯಲ್ಲಿ ತಲೆಯ ರಕ್ಷಣೆಗೆಂದು ಕೊಳವೆಗಳ ಚೌಕಟ್ಟನ್ನೂ ಕೂರಿಸಿದರು. ಆದರೂ ಸಾರ್ವಜನಿಕ ರಸ್ತೆಗೆ ಈ ಸರಣಿ ಅಪಾಯಕಾರಿ ಎಂಬ ನಿಲುವನ್ನು ಅಮೆರಿಕದ ರಕ್ಷಣಾ ಇಲಾಖೆ ಸಡಿಲಿಸಲಿಲ್ಲ. ಎರಡು ಹೋಳು ಮಾಡಿದರೆ ಜನ ಬೆಸೆದು ಓಡಿಸುತ್ತಾರೆಂದು ತಿಳಿದ ಮೇಲೆ ನಾಲ್ಕು ಹೋಳು ಮಾಡತೊಡಗಿದರು. ಮಗುಚುತ್ತದೆಂದು ತನಗೇ ಗೊತ್ತಿರುವ ಗಾಡಿಯನ್ನು ಸರ್ಕಾರ ಒಬ್ಬ ರೈತನಿಗೋ ಕಾಲೇಜು ಹುಡುಗನಿಗೋ ಮಾರದಿರುವುದು ನನ್ನ ದೃಷ್ಟಿಯಲ್ಲಿ ಸರಿಯಾದ ತೀರ್ಮಾನವೇ.

ಉತ್ತರ 2: ಇಂಡಿಯಾನಾದಿಂದ

ಎಂ151ರ ಜಾಗಕ್ಕೆ ಅಮೆರಿಕ ಸೇನೆಗೆ ಬಂದ ಹಮ್ವೀ ವಾಹನದ ವಿಷಯದಲ್ಲಿ ಕಾರಣ ಸ್ವಲ್ಪ ಬೇರೆ. ಅಮೆರಿಕದ ವಾಹನ ಸುರಕ್ಷತಾ ಮಾನದಂಡಗಳು ಸೇನೆಯ ಗುತ್ತಿಗೆಯ ಪ್ರಕಾರ ತಯಾರಾಗಿ ನೇರವಾಗಿ ಸೇನೆಗೇ ಮಾರಾಟವಾಗುವ ವಾಹನಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದಲೇ ಹಮ್ವೀಯಲ್ಲಿ ಏರ್‌ಬ್ಯಾಗ್ ಇಲ್ಲ, ಇಗ್ನಿಷನ್ ಕೀಲಿಯೂ ಇಲ್ಲ. ತಿರುಗಿಸುವ ಒಂದು ಸ್ವಿಚ್ಚಿನಿಂದಲೇ ಎಂಜಿನ್ ಶುರುವಾಗುತ್ತದೆ. ಇಂಥ ವಾಹನ ಸಾಮಾನ್ಯರ ಕೈಗೆ ಹೋಗುವುದು ತಯಾರಕರಾದ ಎಎಂ ಜನರಲ್ ಕಂಪನಿಗೂ ಒಪ್ಪಿಗೆಯಿರಲಿಲ್ಲ. ಬಹುಕಾಲ ಅವು ಗುಜರಿಗೇ ಹೋದವು. 2014ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ 25 ಹಮ್ವೀಗಳನ್ನು ಆನ್‌ಲೈನ್ ಹರಾಜಿಗಿಟ್ಟಾಗಲೂ ಅವನ್ನು ರಸ್ತೆಯಿಂದಾಚೆ ಮಾತ್ರ ಬಳಸಬೇಕೆಂಬ ಷರತ್ತು ಹಾಕಿದ್ದರು.

ರಕ್ಷಾಕವಚವಿರುವ ವಾಹನಗಳ ಮಾತೇ ಬೇರೆ. ಅಮೆರಿಕದ ಸೇನೆ ಕೈಬಿಡುವ ಪ್ರತಿಯೊಂದು ವಸ್ತುವಿಗೂ ಒಂದು ಸಂಕೇತಾಕ್ಷರವಿದೆ: ‘ಎ’ ಎಂದಿದ್ದರೆ ಹಾಗೆಯೇ ಮಾರಬಹುದು, ‘ಡಿ’ ಎಂದಿದ್ದರೆ ಸಂಪೂರ್ಣವಾಗಿ ನಾಶಮಾಡಬೇಕು. ಪೊಲೀಸರಿಗೆ ಕೊಡುವ ನೆಲಬಾಂಬು ನಿರೋಧಕ ವಾಹನಗಳು ಸಹ ರಕ್ಷಣಾ ಇಲಾಖೆಯ ಸ್ವತ್ತಾಗಿಯೇ ಉಳಿಯುತ್ತವೆ. ಬೇಡವಾದಾಗ ಹಿಂದಿರುಗಿಸಬೇಕೇ ಹೊರತು ಮಾರುವಂತಿಲ್ಲ.

ಉತ್ತರ 3: ಸಕಲೇಶಪುರದ ತೋಟದವರು

ನಮ್ಮಲ್ಲಿ ಸೇನೆಯ ಹರಾಜಿನಿಂದ ಬಂದ ಜಿಪ್ಸಿಗಳು ತೋಟದ ಕೆಲಸಕ್ಕೆ ಓಡಾಡುತ್ತಿವೆ. ಜಿಪ್ಸಿ ಮೊದಲಿನಿಂದಲೂ ಜನರಿಗೂ ಮಾರುತ್ತಿದ್ದ ಗಾಡಿಯಾದ್ದರಿಂದ ಅಂಥ ತೊಡಕು ಬರಲಿಲ್ಲವೆಂದು ನನ್ನ ಭಾವನೆ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆಲಿವ್ ಹಸಿರು ಬಣ್ಣ ಸೇನೆಗೆ ಮಾತ್ರ ಮೀಸಲು. ಆದ್ದರಿಂದ ಬೇರೆ ಬಣ್ಣ ಬಳಿಸಿಯೇ ಆರ್‌ಟಿಒ ಕಚೇರಿಗೆ ಒಯ್ಯಬೇಕು.

ಓಹಾಯೊ ಕನ್ನಡಿಗ

ಎಲ್ಲರಿಗೂ ಧನ್ಯವಾದಗಳು. ಮೈಸೂರಿನವರಲ್ಲಿ ಇನ್ನೊಂದು ಪ್ರಶ್ನೆ: ವೆಲ್ಡಿಂಗ್ ಗಟ್ಟಿಯಾಗಿದ್ದು, ನಾನು ನಿಧಾನವಾಗಿಯೇ ಓಡಿಸುವುದಾದರೆ ಕೊಳ್ಳಬಹುದೇ?

ಮೈಸೂರು ಮೆಕ್ಯಾನಿಕ್

ಸರ್, ವಿಲ್ಲಿಸ್‌ನಲ್ಲಿದ್ದಂತೆ ಈ ಗಾಡಿಗೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ನೀವು ಚಾಪೆಯಡಿ ಕಂಡ ಗೆರೆ ಗಾಡಿಯ ಬೆನ್ನೆಲುಬು ತುಂಡಾದ ಜಾಗ. ಮೇಲಿನಿಂದ ನೋಡಿ ಅದರ ಗಟ್ಟಿತನ ತಿಳಿಯುವುದಿಲ್ಲ. ಗಾಡಿಯನ್ನು ಎತ್ತಿಸಿ, ಅಡಿಯಿಂದ ಬಣ್ಣ ಕೆರೆದು, ಬೆಸುಗೆ ಎರಡೂ ಬದಿಯಲ್ಲಿ ಪೂರ್ತಿ ಇಳಿದಿದೆಯೇ, ನಾಲ್ಕೂ ಚಕ್ರಗಳು ಒಂದೇ ನೇರದಲ್ಲಿವೆಯೇ ಎಂದು ಅನುಭವಿಗಳಿಂದ ನೋಡಿಸಿ. ಎಲ್ಲವೂ ಸರಿಯಿದ್ದರೆ ಮೇಳಕ್ಕೆ ಟ್ರೇಲರ್ ಮೇಲೆ ಒಯ್ಯಲು ಕೊಳ್ಳಿರಿ. ಹೆದ್ದಾರಿಯಲ್ಲಿ ಓಡಿಸಲು ಕೊಳ್ಳುವುದಾದರೆ ದಯವಿಟ್ಟು ಬೇಡ.