ಮಗಳು ಇಷ್ಟಪಟ್ಟ ಹುಡುಗ: ಯಾವುದಕ್ಕೆ ಎಚ್ಚರ ಬೇಕು, ಯಾವುದನ್ನ ಬಿಟ್ಟುಬಿಡಬಹುದು?

ಜಯನಗರದ ತಾಯಿ:
ಮಗಳಿಗೆ 26. ವೈಟ್‌ಫೀಲ್ಡ್‌ನಲ್ಲಿ ಕೆಲಸ, ಅಲ್ಲೇ ಪಿಜಿ. ಅವಳು ಇಷ್ಟಪಟ್ಟ ಹುಡುಗನ ಜಾತಿ, ಸಂಬಳದ ತಕರಾರು ನಮಗಿಲ್ಲ. ಆದರೆ ಮನೆಗೆ ಬಂದಾಗ ಅವನ ಮೆಸೇಜಿಗೆ ಉತ್ತರ ಕೊಡೋದು ಎರಡು ನಿಮಿಷ ತಡವಾದರೂ ಅವಳ ಮುಖ ಬಾಡುತ್ತೆ. ಇದನ್ನ ಹೇಗೆ ಅರ್ಥ ಮಾಡ್ಕೊಳ್ಳೋದು?

ಆಪ್ತಸಮಾಲೋಚಕಿ, ಬಸವನಗುಡಿ:
ಹುಡುಗನನ್ನ ಅಳೆಯೋ ಮುಂಚೆ ಮಗಳನ್ನ ನೋಡಿ ಮೇಡಂ. ಅವನು ಕಾಲಿಗೆ ಬಿದ್ದು ನಮಸ್ಕಾರ ಮಾಡಿದನೋ ಇಲ್ಲವೋ ಅನ್ನೋದರಿಂದ ಏನೂ ತಿಳಿಯಲ್ಲ. ಈಚೆಗೆ ಅವಳು ಏನೇನು ಬಿಟ್ಟಳು? ಹಳೇ ಗೆಳತಿಯರು, ಇಷ್ಟದ ಬಟ್ಟೆ, ಹಬ್ಬಕ್ಕೆ ಮನೆಗೆ ಬರೋದು? ಪ್ರತಿ ಮಾತಿಗೂ "ಅವನನ್ನ ಕೇಳಿ ಹೇಳ್ತೀನಿ" ಅಂತಾಳಾ?

ಮುಖ್ಯವಾಗಿ, ಅವಳು "ಆಗಲ್ಲ" ಅಂದಾಗ ಅವನೇನು ಮಾಡ್ತಾನೆ? ಸ್ವಲ್ಪ ಹೊತ್ತು ಮುನಿಸಿಕೊಳ್ಳೋದು ಸಹಜ. ದಿನಗಟ್ಟಲೆ ಮಾತು ಬಿಡೋದು, ಹೇಳದೆ ಪಿಜಿ ಗೇಟಿನ ಮುಂದೆ ಬಂದು ನಿಲ್ಲೋದು, "ಸತ್ತುಹೋಗ್ತೀನಿ" ಅನ್ನೋದು ಸಹಜ ಅಲ್ಲ. ಆ ಕೊನೆಯ ಮಾತನ್ನೂ ಹಗುರ ಮಾಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿಸಿ. ಆದರೆ ಅವನನ್ನ ಉಳಿಸೋ ಹೊಣೆ ನಿಮ್ಮ ಮಗಳದ್ದಲ್ಲ.

"ಅವನು ಬೇಕೋ ನಾವು ಬೇಕೋ" ಅಂತ ಮಾತ್ರ ದಯವಿಟ್ಟು ಕೇಳಬೇಡಿ. "ನಿಮ್ಮ ಮನೆಯವರಿಗೆ ನಾನಂದ್ರೆ ಆಗಲ್ಲ" ಅಂತ ಅವನು ಹೇಳ್ತಿದ್ದರೆ ಅದೇ ನಿಜವಾಗಿಬಿಡುತ್ತೆ, ನಾಳೆ ಪೆಟ್ಟು ತಿಂದರೂ ಅವಳು ನಿಮಗೆ ಹೇಳಲ್ಲ. ಒಬ್ಬಳೇ ಇದ್ದಾಗ, ನೀವೇ ಕಂಡ ಒಂದೇ ಘಟನೆ ಎತ್ತಿ: "ನಿನ್ನೆ ಊಟ ಬಿಟ್ಟು ಎದ್ದೆಯಲ್ಲ, ಹೆದರಿಕೆ ಆಯ್ತಾ?" ಆಮೇಲೆ ಸುಮ್ಮನಿದ್ದು ಕೇಳಿಸ್ಕೊಳ್ಳಿ.

ಬ್ಯಾಂಕ್ ನಿವೃತ್ತ:
ದುಡ್ಡಿನ ಕಡೆಯೂ ಗಮನ ಇರಲಿ. ಅವಳ ಹೆಸರಲ್ಲಿ ಅವನಿಗೆ ಬೈಕ್ ಸಾಲ, ಕ್ರೆಡಿಟ್ ಕಾರ್ಡು, ಜಾಮೀನು ಸಹಿ ಏನಾದರೂ ಇದೆಯಾ ನೋಡಿ. ಅವನು ಕಂತು ಕಟ್ಟದಿದ್ದರೆ ಜಾಮೀನುದಾರಳಿಂದಲೇ ಪೂರ್ತಿ ಬಾಕಿ ವಸೂಲಿ ಮಾಡಬಹುದು, ಬೇರೆಯಾದರೂ ಸಹಿ ಬಿಡಲ್ಲ. ಅವಳ ಹೆಸರಲ್ಲಿರೋ ಸಾಲಗಳನ್ನ ತೋರಿಸೋ ಸಿಬಿಲ್ ವರದಿ ವರ್ಷಕ್ಕೊಮ್ಮೆ ಉಚಿತ, ಅವಳೇ ತೆಗೆದು ನೋಡಲಿ. ಯುಪಿಐ ಪಿನ್ ಅವನಿಗೆ ಗೊತ್ತಿದ್ದರೆ ಬದಲಿಸಲಿ.

ಫೋನ್ ರಿಪೇರಿ, ಮಲ್ಲೇಶ್ವರ:
ವಾಟ್ಸಾಪ್‌ನಲ್ಲಿ "ಲಿಂಕ್ಡ್ ಡಿವೈಸಸ್" ತೆಗೆದು ನೋಡಲಿ, ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಮೆಸೇಜು ಅಲ್ಲೂ ಕಾಣುತ್ತೆ. ಗೂಗಲ್ ಮ್ಯಾಪ್ಸ್‌ನಲ್ಲಿ ಅವಳು ಎಲ್ಲಿದ್ದಾಳೆ ಅಂತ ಬೇರೆಯವರಿಗೆ ತೋರಿಸೋ "ಲೊಕೇಶನ್ ಶೇರಿಂಗ್" ಕೂಡ ನೋಡಲಿ. ಆದರೆ ಒಬ್ಬಳೇ ಇರುವಾಗ ಥಟ್ಟಂತ ಆಫ್ ಮಾಡೋದು ಬೇಡ. ಅವನಿಗೆ ಗೊತ್ತಾಗುತ್ತೆ, ಸಿಟ್ಟಲ್ಲಿ ಹುಡುಕಿಕೊಂಡು ಬರಬಹುದು. ಮೊದಲು ಸ್ಕ್ರೀನ್‌ಶಾಟ್, ಆಮೇಲೆ ನಿಮ್ಮ ಮನೆಯಲ್ಲಿದ್ದಾಗ ಆಫ್.

ವಕೀಲೆ:
ಕೈ ಮಾಡಿದ್ದರೆ, ಅದರಲ್ಲೂ ಕುತ್ತಿಗೆ ಹಿಸುಕಿದ್ದರೆ, ಒಂದೇ ಸಲ ಆದರೂ ಕಾಯಬೇಡಿ. ಜೀವಕ್ಕೇ ಅಪಾಯದ ಗುರುತು ಅದು. ತುರ್ತಿಗೆ 112, ಸಲಹೆಗೆ ಮಹಿಳಾ ಸಹಾಯವಾಣಿ 181. ಮದುವೆಯಾಗದೆ ಗಂಡ ಹೆಂಡತಿಯಂತೆ ಒಟ್ಟಿಗಿದ್ದರೂ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಕೋರ್ಟಿನಿಂದ ರಕ್ಷಣಾ ಆದೇಶ ಕೇಳಬಹುದು. ಬೇರೆ ಬೇರೆ ಇದ್ದು ಹಿಂಬಾಲಿಸ್ತಿದ್ದರೆ ಹತ್ತಿರದ ಠಾಣೆಯಲ್ಲಿ ದೂರು ಕೊಡಿ, ತಾರೀಖು ಸಮೇತ ಮೆಸೇಜುಗಳನ್ನ ಉಳಿಸಿಟ್ಟುಕೊಳ್ಳಿ.